ಐಎಸ್‌ಬಿಎನ್ ಎಂಬ ತಾಯಿತ

“ಸಾರ್, ನಿಮ್ಮ ಕವನಗಳು ಅದ್ಭುತ!” ಎನ್ನುತ್ತಾರೆ ಪ್ರಕಾಶಕರು. “ಓದಿದಿರಾ?” “ಓದೋದೇನು, ಪುಟ ಎಣಿಸಿದೆ. 40,000 ಕೊಡಿ, ಐಎಸ್‌ಬಿಎನ್ ಸಮೇತ ಪುಸ್ತಕ.” ಹೊಸ ಲೇಖಕರು ಪುಳಕಗೊಳ್ಳುವುದು ಇಲ್ಲೇ. ಪುಸ್ತಕದ ಗುರುತಿನ ಸಂಖ್ಯೆಯಾದ ಆ 13 ಅಂಕಿಗಳನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಸಂಸ್ಥೆ ಪುಕ್ಕಟೆಯಾಗಿ ಕೊಡುತ್ತದೆ. ಪುಕ್ಕಟೆ ಸರಕಿಗೆ ದರಪಟ್ಟಿ ಬರೆದವರನ್ನು ನಂಬುವ ಮೊದಲು ಒಂದೇ ಪ್ರಶ್ನೆ ಸಾಕು: ಪುಸ್ತಕ ಬಿಕರಿಯಾಗದಿದ್ದರೆ ನಷ್ಟ ಯಾರಿಗೆ? ಲೇಖಕರಿಗೇ ಎಂದಾದರೆ ಎದುರಿಗಿರುವವರು ಪ್ರಕಾಶಕರಲ್ಲ, ಮುದ್ರಣದ ಗುತ್ತಿಗೆದಾರರು.

“ಕಾದಂಬರಿಕಾರ ಗಳಗನಾಥರೂ ಪುಸ್ತಕ ಹೊತ್ತು ಮಾರಲಿಲ್ಲವೇ?” ಎಂಬ ಆಕ್ಷೇಪ ಸಿದ್ಧವಾಗಿರುತ್ತದೆ. ಮಾರಿದರು, ಆದರೆ ಬರೆದವರೂ ಅವರೇ, ಪ್ರಕಟಿಸಿದವರೂ ಅವರೇ. ಇಲ್ಲಿ ಹೊರೆ ಲೇಖಕರಿಗೆ, ಹಕ್ಕು ಪ್ರಕಾಶಕರಿಗೆ. “ಕರಾರು?” “ನಮ್ಮ ನಡುವೆ ಕಾಗದ ಯಾಕೆ ಸಾರ್, ವಿಶ್ವಾಸ ಮುಖ್ಯ.” 1957ರ ಹಕ್ಕುಸ್ವಾಮ್ಯ ಕಾಯ್ದೆಗೆ ಅಷ್ಟು ವಿಶ್ವಾಸವಿಲ್ಲ: ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು, ಅವಧಿ ಬರೆಯದಿದ್ದರೆ 5 ವರ್ಷವಷ್ಟೇ. ಸಣ್ಣ ಪ್ರಕಾಶಕರಿಗೆ ಬಂಡವಾಳವಿಲ್ಲ, ಗ್ರಂಥಾಲಯದ ಸಗಟು ಖರೀದಿಯ ಹಣ ತಡವಾಗುತ್ತದೆ, ನಿಜ. ಬಡತನ ತಪ್ಪಲ್ಲ, ಲೆಕ್ಕ ಮುಚ್ಚಿಡುವುದು ತಪ್ಪು. 300 ಪ್ರತಿ ಅಚ್ಚು ಹಾಕಿಸಿ “ಸಾವಿರ” ಎನ್ನದೆ, ರಾಯಲ್ಟಿ ಕೇಳಿದಾಗ ಕಾಫಿ ತರಿಸದೆ ಲೆಕ್ಕದ ಪುಸ್ತಕ ತೆರೆಯುವವರು ಸಣ್ಣವರಾದರೂ ದೊಡ್ಡವರು.