ಮಹಿಷಾಸುರ ಪ್ರತಿಮಾ ವಿಚಾರ: ಮೌಳಂಗಿಯ ಮತ

ಮೈಸೂರಿನ ಚಾಮುಂಡಿಬೆಟ್ಟದ ಮೇಲೆ, ಬಲಗೈಯಲ್ಲಿ ಖಡ್ಗವನ್ನೂ ಎಡಗೈಯಲ್ಲಿ ಸರ್ಪವನ್ನೂ ಹಿಡಿದು, ಕಣ್ಣರಳಿಸಿ ನಿಂತಿರುವ ಬಣ್ಣಬಣ್ಣದ ಮಹಾಕಾಯ ಮಹಿಷಾಸುರನನ್ನು ಕುರಿತು ಪೌರಾಣಿಕರೂ ಇತಿಹಾಸಜ್ಞರೂ ತಂತಮ್ಮ ಮತಗಳನ್ನು ಮಂಡಿಸಿಯಾಗಿರುವುದರಿಂದ, ಉಳಿದಿರುವ ಒಂದೇ ಪ್ರಶ್ನೆಯನ್ನು, ಎಂದರೆ ದೇವಿಯ ದರ್ಶನಾರ್ಥವಾಗಿ ಬೆಟ್ಟವೇರಿದ ಸಂಸಾರಗಳು ಮೊದಲು ಇವನ ಪಾದಮೂಲಕ್ಕೇ ಧಾವಿಸುವುದೇಕೆ ಎಂಬುದನ್ನು, ಕಾಳೀನದಿಯ ತಟದ ಮೌಳಂಗಿಯಲ್ಲಿ ಬಂಡೆಯೊಂದರ ಮೇಲೆ ಕುಳಿತು ನೀರಿಗೆ ಕಾಲಿಳಿಬಿಟ್ಟುಕೊಂಡು ನಿರ್ಣಯಿಸಲು ಈ ಲೇಖಕನು ಉದ್ಯುಕ್ತನಾಗಿದ್ದಾನೆ. ಇಷ್ಟು ದೂರದಿಂದಲೇ ಅಸುರನು ಪೂರ್ಣವಾಗಿ ಗೋಚರಿಸುವನೆಂಬುದು ಮುಂದೆ ವ್ಯಕ್ತವಾಗುವುದು.

ಮೊದಲು ಶಬ್ದಪ್ರಮಾಣ. ಮಾರ್ಕಂಡೇಯ ಪುರಾಣದ ಅಂತರ್ಗತವಾದ ದೇವೀಮಾಹಾತ್ಮ್ಯದಲ್ಲಿ ಈ ಅಸುರನು ಕೋಣನಾಗಿದ್ದವನು ಸಿಂಹವಾಗಿ, ಖಡ್ಗಪಾಣಿಯಾದ ಪುರುಷನಾಗಿ, ಆನೆಯಾಗಿ, ಮತ್ತೆ ಕೋಣನಾಗಿ ಹೋರಾಡಿದನಷ್ಟೆ. ಇವುಗಳಲ್ಲಿ ಪುರುಷರೂಪದ ಆಯುಷ್ಯ ಕ್ಷಣಮಾತ್ರದ್ದು. ಕಾಣಿಸಿಕೊಂಡೊಡನೆಯೇ ದೇವಿಯು ಅದನ್ನು ಕತ್ತಿಗುರಾಣಿಗಳ ಸಮೇತ ಬಾಣಗಳಿಂದ ಕತ್ತರಿಸಿಬಿಟ್ಟಳು. ಐಹೊಳೆಯ ದುರ್ಗಗುಡಿಯ ಶಿಲ್ಪಿ ಇಡಿಯ ಕೋಣವನ್ನೇ ಕಡೆದನು. ಮಹಾಬಲಿಪುರದವನು ಮನುಷ್ಯನ ಮೈಗೆ ಕೋಣನ ತಲೆಯನ್ನಿಟ್ಟನು. ಬೆಟ್ಟದವನಾದರೋ ಆ ಕ್ಷಣಭಂಗುರ ಪುರುಷನನ್ನೇ ಶಾಶ್ವತಗೊಳಿಸಿ, ಗುರಾಣಿಗೆ ಬದಲಾಗಿ ಹಾವನ್ನು ಕೊಟ್ಟು ಮೀಸೆಯನ್ನೂ ದಯಪಾಲಿಸಿದನು.

ಇಲ್ಲಿ ಪೂರ್ವಪಕ್ಷ. ಹಳಿಯಾಳ-ಜೋಯಿಡಾಗಳ ಕಾಡಂಚಿನಲ್ಲಿ ಎಮ್ಮೆ ಕಟ್ಟಿಕೊಂಡು ಬಾಳುವವರ ಪರವಾಗಿ, ಸಂಸಾರದೊಡನೆ ಬೆಟ್ಟಕ್ಕೆ ಬಂದಿದ್ದ ಮೌಳಂಗಿಯ ಅವ್ವನೊಬ್ಬಳು, “ಕ್ವಾಣ ಎಲ್ಲೈತ್ರೀ? ಇಂವಾ ಫೌಜದಾರ ಇದ್ದಂಗ ಅದಾನಲ್ರೀ!” ಎಂದು ಆಕ್ಷೇಪಿಸಿದಳು. ಕೊಂಬು-ಗೊರಸುಗಳ ವಿಷಯದಲ್ಲಿ ಅಧಿಕಾರವುಳ್ಳವರ ಮಾತಾದುದರಿಂದ ಇದನ್ನು ಖಂಡಿಸುವ ಧೈರ್ಯ ಪಂಡಿತರಿಗೆ ಸಾಲದು. ಅವಳ ಮೊಮ್ಮಗನಂತೂ ಹೋ ಎಂದು ಅಳುತ್ತಿದ್ದನು. “ಅಂಜಬ್ಯಾಡೋ, ದೇವಿ ಇಂವನ್ನ ಕೊಂದಾಳ” ಎಂದು ತಂದೆ ಸಂತೈಸಲು, “ಮತ್ತ್ಯಾಕ ನಿಂತಾನ?” ಎಂದು ಕೇಳಿದನು. ಹದಿಮೂರು ಅಧ್ಯಾಯಗಳ ದೇವೀಮಾಹಾತ್ಮ್ಯದಲ್ಲಿ ಇದಕ್ಕೆ ಉತ್ತರವಿಲ್ಲ.

ಸಿದ್ಧಾಂತವಾದರೋ ಹೀಗಿದೆ. ದೇವಿಯು ಗರ್ಭಗುಡಿಯಲ್ಲಿದ್ದಾಳೆ, ಅಲ್ಲಿ ಸರದಿಯಿದೆ, ಕ್ಯಾಮೆರಾಕ್ಕೆ ಅವಕಾಶವಿಲ್ಲ. ಅಸುರನು ಬಯಲಲ್ಲಿದ್ದಾನೆ, ಚೀಟಿ ಕೇಳುವುದಿಲ್ಲ, ಅಲುಗಾಡುವುದೂ ಇಲ್ಲ. ಅದೇ ಬೆಟ್ಟದಲ್ಲಿ, ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ, ಹದಿನೇಳನೆಯ ಶತಮಾನದ ನಂದಿಯು ಕಲಾದೃಷ್ಟಿಯಿಂದ ಎಷ್ಟೋ ಮೇಲಾದುದೆಂದು ನಾನು ಬಲ್ಲೆನಾದರೂ, ಆ ಸಾಧುಪ್ರಾಣಿಯು ಮಕ್ಕಳನ್ನು ಹೆದರಿಸಲಾರದೆಂಬ ನ್ಯೂನತೆಯನ್ನು ಮುಚ್ಚಿಡುವುದು ಅಪ್ರಾಮಾಣಿಕವಾದೀತು.

ಉಳಿದುದು ಭಾವಚಿತ್ರದ ಇಕ್ಕಟ್ಟು. ಅಸುರನ ಕಿರೀಟ ಹಿಡಿಯಲು ಹಿಂದೆ ಸರಿದರೆ ಸಂಸಾರವು ಇರುವೆಸಾಲಾಗುತ್ತದೆ, ಸರಿಯುವವನು ಬಸ್ಸಿನ ದಾರಿಗೆ ಬೀಳುತ್ತಾನೆ. ಮುಂದೆ ಬಂದರೆ ಅಸುರನ ಶಿರಸ್ಸು ಹೋಗುತ್ತದೆ. ದೇವಿಯು ಶೂಲ-ಖಡ್ಗಗಳಿಂದ ಸಾಧಿಸಿದ ಶಿರಶ್ಛೇದವನ್ನು ಗೃಹಸ್ಥರು ಹೀಗೆ ನಿತ್ಯವೂ ನಿರಾಯಾಸವಾಗಿ ನೆರವೇರಿಸುತ್ತಿದ್ದಾರೆ. ಮೌಳಂಗಿಯ ಅವ್ವನ ಮನೆಯ ಪಡಸಾಲೆಯಲ್ಲಿ ತೂಗುವ ಪಟದಲ್ಲಿ ಎರಡು ಬಣ್ಣದ ಮೊಣಕಾಲುಗಳ ನಡುವೆ ಏಳು ಜನರೂ ಅಳುವ ಒಂದು ಬಾಯಿಯೂ ಸ್ಪಷ್ಟವಾಗಿವೆ. ಯಾರ ಕಾಲೆಂದು ಕೇಳಿದವರಿಗೆ ಅವಳು, “ಚಾಮುಂಡವ್ವನ ಗುಡಿಗೆ ಹೋಗಿದ್ವಿ” ಎನ್ನುತ್ತಾಳೆ.