ಶ್ರುತಿ ಸೇರಿಸೋದು

“ಆಂಟಿ, ‘ರೀಟ್ಯೂನ್’ಗೆ ಕನ್ನಡದಲ್ಲಿ ಏನಂತಾರೆ? ‘ಮರುಶ್ರುತಿ’ ಅಂತ ಬರೀಲಾ?”

ಬಟ್ಟೆ ಒಣಹಾಕ್ತಿದ್ದೆ. ಹಲಸೂರಿನ ನಮ್ಮೆರಡು ಮನೆಗಳ ನಡುವೆ ಎದೆಮಟ್ಟದ ಗೋಡೆ. ಆಚೆಯಿಂದ ಪಕ್ಕದ ಮನೆ ಹುಡುಗಿ ಕೇಳಿದಳು.

ಬೇಡಮ್ಮ ಅಂದೆ. ತಂಬೂರಿ ಹಿಡಿದವರು ಹಾಗನ್ನಲ್ಲ. ‘ಶ್ರುತಿ ಇಳಿದಿದೆ, ಸೇರಿಸು’ ಅಂತಾರೆ. ಹೊಸ ತಂತಿ ಕಟ್ಟಿದ ದಿನವೂ ಅದೇ ಮಾತು, ಮೂವತ್ತು ವರ್ಷ ಮೀಟಿದ ಮೇಲೂ ಅದೇ ಮಾತು.

“ಮತ್ತೆ ಆ ‘ರೀ’ ಎಲ್ಲಿ ಹೋಯ್ತು?”

ಅದು ಬೇಕಾಗೇ ಇಲ್ಲ. ಒಮ್ಮೆ ಸೇರಿಸಿದ್ದು ಹಾಗೇ ಉಳಿಯುತ್ತೆ ಅಂತ ಯಾರೂ ನಂಬಿದವರಲ್ಲ. ಬಿಸಿಲೇರಿದರೆ ತಂತಿ ಸಡಿಲ, ಮಳೆ ಹಿಡಿದರೆ ಮೃದಂಗದ ಚರ್ಮ ಸಡಿಲ. ಇಂದಿರಾನಗರದ ಪುರಂದರ ಭವನದಲ್ಲಿ ಕಛೇರಿ ಕೇಳೋವಾಗ ನೋಡು: ಹಾಡು ಮುಗಿದ ತಕ್ಷಣ ಮೃದಂಗದವರು ಕಲ್ಲು ಕೈಗೆ ತಗೋತಾರೆ. ಅಂಚಿನ ಹೆಣಿಗೆಗೆ ಮೇಲಿಂದ ತಟ್ಟಿದರೆ ಶ್ರುತಿ ಏರುತ್ತೆ, ಕೆಳಗಿಂದ ತಟ್ಟಿದರೆ ಇಳಿಯುತ್ತೆ. ನನಗೆ ಆ ಅರೆ ನಿಮಿಷವೂ ಕಛೇರಿಯೇ.

‘ಸೇರಿಸು’ ಅನ್ನೋದು ಎಂಥ ಒಳ್ಳೆ ಮಾತು! ಸೇರಬೇಕಾದರೆ ಇನ್ನೊಂದು ಬೇಕಲ್ಲ. ತಂಬೂರಿಯಲ್ಲಿ ನಾಲ್ಕು ತಂತಿ: ಪಂಚಮ, ಎರಡು ಷಡ್ಜ, ಕೊನೆಗೆ ಮಂದ್ರ ಷಡ್ಜ. ನಡುವಿನ ಎರಡು ಒಂದೇ ತಂತಿಯ ಹಾಗೆ ಕೇಳಬೇಕು. ಬಿರಟೆ ತಿರುಗಿಸಿ ಹತ್ತಿರ ತರೋದು, ಮಣಿ ಸರಿಸಿ ಕೂದಲೆಳೆಯಷ್ಟು ತಿದ್ದೋದು. ಆಮೇಲೆ ಕುದುರೆ ಮೇಲೆ ತಂತಿಯ ಅಡಿಗೆ ಹತ್ತಿ ದಾರ. ಅದಕ್ಕೆ ‘ಜೀವ’ ಅಂತಲೇ ಹೆಸರು. ದಾರ ಸರಿಯಾದ ಜಾಗಕ್ಕೆ ಬಂದಾಗ ಝೇಂಕಾರ ತಾನಾಗಿ ಏಳುತ್ತೆ.

ವೀಣೆಯವರಿಗೆ ಮಾತ್ರ ನಿಜವಾದ ‘ಮತ್ತೊಮ್ಮೆ’ ಇದೆ. ಇಪ್ಪತ್ನಾಲ್ಕು ಮೆಟ್ಟಿಲು ಕೂತಿರೋದು ಮೇಣದ ಮೇಲೆ. ಮೇಣ ಸರಿದು, ಮೆಟ್ಟಿಲು ಸವೆದು ಸ್ವರ ಕೆಟ್ಟರೆ ಎಲ್ಲ ಕಿತ್ತು ಹೊಸದಾಗಿ ಕೂರಿಸಬೇಕು. ಅದಕ್ಕೆ ‘ಮೇಳ ಕಟ್ಟೋದು’ ಅಂತಾರೆ. ಕಿವಿ ಪಳಗಿದವರ ಕೆಲಸ ಅದು.

“ನಮ್ಮನೇಲಿ ಶ್ರುತಿಪೆಟ್ಟಿಗೆ ಇದೆಯಲ್ಲ, ಕರೆಂಟಿಂದು?”

ಇರಲಿ. ಅದೂ ನಮ್ಮೂರಿನದೇ. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತೋರಿಸಿದರು. ಜೊತೆಗೆ ತಂಬೂರಿ ಮೀಟುವವರಿಲ್ಲದ ಎಷ್ಟು ಮನೆಗಳಲ್ಲಿ ಅದರಿಂದ ಸಾಧನೆ ನಡೀತು! ಆ ಉಪಕಾರ ದೊಡ್ಡದು. ಆದರೆ ಗುಂಡಿ ತಿರುಗಿಸಿದರೆ ಶ್ರುತಿ ಸಿಗುತ್ತೆ, ಸೇರಿಸೋದು ಸಿಗಲ್ಲ. ಎರಡು ಷಡ್ಜ ಹತ್ತಿರ ಬರ್ತಾ ಬರ್ತಾ ಅವುಗಳ ನಡುವಿನ ನಡುಕ ನಿಧಾನವಾಗಿ ಸಣ್ಣದಾಗಿ, ಆಮೇಲೆ ನಿಂತೇ ಹೋಗುತ್ತಲ್ಲ, ಅದನ್ನು ಕಿವಿ ಒಂದು ಸಲ ಹಿಡೀಬೇಕು.

ಅವಳು ಒಳಗೆ ಓಡಿದಳು. ಅಟ್ಟದ ಮೇಲಿದ್ದ ಅವಳಜ್ಜಿಯ ತಂಬೂರಿ, ಧೂಳಿನ ಗವಸಿನ ಸಮೇತ, ಗೋಡೆ ಮೇಲಿಂದ ನನ್ನ ಕೈಗೆ ಬಂತು. ದಾರ ಇರಲಿಲ್ಲ. ಒಣಹಾಕಿದ್ದ ಹತ್ತಿ ಸೀರೆಯ ಅಂಚಿಂದ ಒಂದೆಳೆ ಕಿತ್ತೆ.