ಬೀಗದ ಕೈ ಯಾರ ಹತ್ರ?

ಗೋಪಾಳದ ನಮ್ಮ ಮಹಡಿ, ಭಾನುವಾರ. ಆಟ 'ಪಿಕೊ ಪಾರ್ಕ್': 2ರಿಂದ 8 ಜನ, ಒಂದು ಕೀ, ಒಂದು ಬಾಗಿಲು. ಎಲ್ಲರೂ ಒಳಹೊಕ್ಕರಷ್ಟೇ ಗೆಲುವು. (ಒಗ್ಗಟ್ಟಿನ ಆಟವಂತೆ.)

"ನನ್ನ ತಲೆ ಮೇಲೆ ಹತ್ತೋ!"

"ಹತ್ತಿದ್ದೆ. ನೀನ್ಯಾಕೆ ನಡೆದೆ?"

"ಮಂಡಕ್ಕಿಗೆ ಕೈ ಹಾಕಿದಾಗ ಮೊಣಕೈ ತಾಗ್ತು."

"ಕೀ ಯಾರ ಹತ್ರ?"

"ಭದ್ರಾವತಿಯವನ ಹತ್ರ."

"ಅವನೆಲ್ಲಿ?"

"ಹೊಂಡದಲ್ಲಿ."

"ನೀವೇ ತಳ್ಳಿದ್ದು! 1923ರಲ್ಲೇ ಕಬ್ಬಿಣದ ಕಾರ್ಖಾನೆ ಕಂಡ ಊರು ನಮ್ದು, ನಾನಾಗೇ ಅಲ್ಲಾಡೋನಲ್ಲ."

"ಕಬ್ಬಿಣ ಮುಳುಗೋದೇ ಅಲ್ವೇನೋ!"

ಕಾಫಿ ತಂದ ಅಜ್ಜಿ ಟಿವಿಗೆ ಅಡ್ಡ ನಿಂತರು. "ಕೂಡ್ಲಿಯಲ್ಲಿ ತುಂಗೆ, ಭದ್ರೆ ಗಲಾಟೆಯಿಲ್ದೆ ಸೇರ್ತಾವೆ. ನಿಮ್ ನಾಲ್ಕು ಜನಕ್ಕೆ ಒಂದು ಬಾಗಿಲು ದಾಟಕ್ಕಾಗಲ್ವಾ?"

"ಅಜ್ಜೀ, ಸರೀರಿ!"

ಅಷ್ಟರಲ್ಲಿ ಪರದೆ ಕಪ್ಪಾಯಿತು.

"ಯಾರೋ ವೈರ್ ತುಳಿದಿದ್ದು?"

ನಾಲ್ಕು ಬೆರಳು, ನಾಲ್ಕು ದಿಕ್ಕು. ಒಂದಂತೂ ಅಜ್ಜಿಯ ಕಡೆಗೇ.